ಬಿಸಿನೀರಿಗೆ ಮುನ್ನ ಹರಿದುಹೋಗುವ ಐದೂವರೆ ಲೀಟರ್

ಮೈಸೂರಿನ ಕುವೆಂಪುನಗರದ ಆ ಮನೆಗೆ ಸೋಲಾರ್ ನೋಡಲೆಂದು ಹೋದವರನ್ನು ಮೇಡಂ ಮೊದಲಿಗೇ ತಾರಸಿಗೆ ಹತ್ತಿಸುವುದಿಲ್ಲ. ಮನೆಯ ಮುಂಭಾಗದಲ್ಲಿ ನೆಂಟರಿಗೆಂದು ಇರುವ ಬಚ್ಚಲುಮನೆಗೆ ಕರೆದೊಯ್ಯುತ್ತಾರೆ. ಅಲ್ಲೊಂದು ನೀಲಿ ಪ್ಲಾಸ್ಟಿಕ್ ಬಕೆಟ್. ಅದರ ಒಳಮೈಯಲ್ಲಿ ಲೀಟರಿಗೊಂದರಂತೆ ಕೆಂಪು ಆಯಿಲ್ ಪೇಂಟಿನ ಗೆರೆಗಳು. ‘ನೀರಿಗೆ ಕೈಯೊಡ್ಡಿ, ಬೆಚ್ಚಗಾದ ಕೂಡಲೇ ಹೇಳಿ’ ಎಂದು ಬಿಸಿನೀರಿನ ನಲ್ಲಿ ತಿರುಗಿಸುತ್ತಾರೆ.

ಒಂದನೇ ಗೆರೆ ಮುಳುಗಿತು, ಎರಡನೆಯದು ಮುಳುಗಿತು. ನೀರು ತಣ್ಣಗೇ ಇತ್ತು. ಐದನೇ ಗೆರೆ ದಾಟಿ ಆರನೆಯದು ಇನ್ನೇನು ಮುಳುಗಬೇಕು ಎನ್ನುವಾಗ ಬೆರಳಿಗೆ ಬಿಸಿ ತಾಕಿತು.

‘ಇಷ್ಟು ವರ್ಷ ದಿನಕ್ಕೆ ನಾಲ್ಕು ಸಲ ಇಷ್ಟು ನೀರನ್ನು ಚರಂಡಿಗೆ ಬಿಟ್ಟಿದ್ದೀವಿ’ ಎಂದರು ಮೇಡಂ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಬೀದಿಯ ದೊಡ್ಡವರೂ ಅವರನ್ನು ಮೇಡಂ ಎಂದೇ ಕರೆಯುತ್ತಾರೆ. ಸೋಲಾರ್ ಹಾಕಿಸಿದವರು ಸಾಮಾನ್ಯವಾಗಿ ಎಷ್ಟು ಕಿಲೋವಾಟ್, ಎಷ್ಟು ಸಬ್ಸಿಡಿ ಬಂತು ಎಂದು ಮಾತು ಶುರು ಮಾಡುತ್ತಾರೆ. ಇವರ ಮಾತು ಶುರುವಾಗುವುದು ಪೈಪಿನಿಂದ.

ಪೈಪಿನ ಲೆಕ್ಕವನ್ನು ಅವರು ಹಳೆಯ ಕರೆಂಟು ಬಿಲ್ಲೊಂದರ ಬೆನ್ನಿಗೆ ಬರೆದಿಟ್ಟಿದ್ದಾರೆ. ಟ್ಯಾಂಕಿನಿಂದ ಆ ನಲ್ಲಿಯವರೆಗೆ ಪೈಪಿನ ಉದ್ದ 18 ಮೀಟರ್. ಒಳವ್ಯಾಸ 20 ಮಿಲಿಮೀಟರ್. ಮೀಟರಿಗೆ ಮೂರು ನೂರು ಮಿಲಿಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ಒಟ್ಟು ಐದೂವರೆ ಲೀಟರಿನ ಮೇಲೆ. ಒಬ್ಬರು ಸ್ನಾನ ಮುಗಿಸಿ ನಲ್ಲಿ ನಿಲ್ಲಿಸಿದಾಗ ಅಷ್ಟೂ ಬಿಸಿನೀರು ಪೈಪಿನಲ್ಲೇ ಉಳಿಯುತ್ತದೆ. ಗಂಟೆ ಬಿಟ್ಟು ಇನ್ನೊಬ್ಬರು ಬರುವ ಹೊತ್ತಿಗೆ ಅದು ಆರಿರುತ್ತದೆ. 60 ಡಿಗ್ರಿಯ ಆ ನೀರು 25 ಡಿಗ್ರಿಗೆ ಇಳಿದರೆ ಯೂನಿಟ್ಟಿನ ಕಾಲುಭಾಗದಷ್ಟು ಶಾಖ ಗೋಡೆಯ ಪಾಲು. ದಿನಕ್ಕೆ ನಾಲ್ಕು ಸಲ ಎಂದರೆ ಹೆಚ್ಚು ಕಡಿಮೆ ಒಂದು ಯೂನಿಟ್. ಒಂದು ಕಿಲೋವಾಟಿನ ಸೋಲಾರ್ ಪ್ಯಾನೆಲ್ ಇಡೀ ದಿನ ಬಿಸಿಲಿಗೆ ಬೆನ್ನೊಡ್ಡಿ ಕೊಡುವುದೇ ಸುಮಾರು ನಾಲ್ಕು ಯೂನಿಟ್. ಅದರ ಕಾಲುಪಾಲು ಗೋಡೆಯೊಳಗೆ ಆರಿಹೋಗುತ್ತಿತ್ತು.

ಬಿಸಿಲು ಪುಕ್ಕಟೆ, ಹೋದರೆ ಹೋಗಲಿ ಎನ್ನುವವರಿದ್ದಾರೆ. ಮೋಡ ಕವಿದ ಆಷಾಢದಲ್ಲಿ ಟ್ಯಾಂಕಿನ ಬಿಸಿ ಅರ್ಧಕ್ಕೇ ಮುಗಿದು ಒಳಗಿನ ಕರೆಂಟ್ ಕಾಯಿಲ್ ಉರಿಯತೊಡಗಿದಾಗ ಆ ಮಾತು ನಿಲ್ಲುವುದಿಲ್ಲ.

ಈ ಮನೆಯಲ್ಲಿ ಟ್ಯಾಂಕು ಮೊದಲು ಪೋರ್ಟಿಕೋ ಮೇಲಿತ್ತು. ಕ್ರೇನು, ಏಣಿ ಏನೂ ಬೇಡ, ಮುಂದಿನಿಂದಲೇ ಹತ್ತಿಸಿ ಕೂರಿಸಬಹುದು ಎಂಬುದಷ್ಟೇ ಕಾರಣ. ದಿನಬಳಕೆಯ ಬಚ್ಚಲುಮನೆ ಹಿತ್ತಲ ಕಡೆ. ಹೊಸ ಹೀಟರ್ ಹಾಕಿಸುವಾಗ ಮೇಡಂ ಹಟ ಹಿಡಿದು ಟ್ಯಾಂಕನ್ನು ಹಿಂದಕ್ಕೆ, ಬಚ್ಚಲುಮನೆಯ ನೆತ್ತಿಯ ಮೇಲಕ್ಕೇ ತರಿಸಿದರು. ಈಗ ಅಲ್ಲಿಗೆ ಆರು ಮೀಟರ್ ಪೈಪು, ಒಳವ್ಯಾಸ ಹನ್ನೆರಡೂವರೆ ಮಿಲಿಮೀಟರ್, ಮೇಲೆ ಕಪ್ಪು ಫೋಮಿನ ಹೊದಿಕೆ. ಹಿಡಿಯುವ ನೀರು ಮುಕ್ಕಾಲು ಲೀಟರ್. ನೀಲಿ ಬಕೆಟ್ಟನ್ನು ಅಲ್ಲಿಗೂ ಒಯ್ದು ಹಿಡಿದದ್ದಾಯಿತು. ಮೊದಲ ಗೆರೆ ಮುಟ್ಟುವ ಮುನ್ನವೇ ಕೈ ಬೆಚ್ಚಗಾಯಿತು. ಹಳೆಯ ಪೈಪನ್ನು ನೆಂಟರ ಬಚ್ಚಲಿಗೆ ಹಾಗೇ ಉಳಿಸಿದ್ದಾರೆ. ಬಂದವರಿಗೆ ತೋರಿಸಲು ಅದು ಬೇಕು. ಸಣ್ಣ ಪೈಪಿನಿಂದ ಧಾರೆ ಸಣ್ಣಗಾಗುವುದು ನಿಜ. ತಂಬಿಗೆಯಲ್ಲಿ ಮೊಗೆದು ಸ್ನಾನ ಮಾಡುವ ಮನೆಗೆ ಅದು ಲೆಕ್ಕಕ್ಕಿಲ್ಲ. ತಲೆಯ ಮೇಲೆ ದೊಡ್ಡ ಶವರ್ ಬೇಕೆನ್ನುವವರು ಪ್ಲಂಬರ್ ಜೊತೆ ಕೂತು ಬೇರೆ ಲೆಕ್ಕ ಹಾಕಬೇಕು.

ಪೈಪಿನಷ್ಟೇ ಅಕ್ಕರೆಯಿಂದ ಅವರು ತೋರಿಸುವ ಇನ್ನೊಂದು ವಸ್ತು ತಾಮ್ರದ ಬಾಯ್ಲರ್. ಅತ್ತೆಯ ಕಾಲದ್ದು, ಸೊಂಟದೆತ್ತರ. ನಡುವೆ ಹೊಗೆಕೊಳವೆ, ಬುಡದಲ್ಲಿ ಕೆಂಡಕ್ಕೆ ಜಾಗ, ಪಕ್ಕದಲ್ಲಿ ಆಲಿಕೆ. ಆಲಿಕೆಗೆ ಒಂದು ಚೊಂಬು ತಣ್ಣೀರು ಸುರಿದರೆ ಅದು ತಳಕ್ಕಿಳಿದು, ಮೇಲಿದ್ದ ಬಿಸಿನೀರನ್ನು ಮೂತಿಯಿಂದ ಹೊರಗೆ ತಳ್ಳುತ್ತದೆ. ಒಂದು ಚೊಂಬು ಕೊಟ್ಟು ಒಂದು ಚೊಂಬು ಪಡೆಯುವ ವ್ಯವಹಾರ. ಹಗುರಾದ ಬಿಸಿನೀರು ಮೇಲೆ, ಭಾರದ ತಣ್ಣೀರು ಕೆಳಗೆ ಎಂಬ ಇದೇ ಗುಣದ ಮೇಲೆ ತಾರಸಿಯ ಸೋಲಾರ್ ಹೀಟರ್ ಕೂಡ ನಡೆಯುತ್ತದೆ. ಅದಕ್ಕೆ ಪಂಪಿಲ್ಲ, ಮೋಟರಿಲ್ಲ. ಕೆಳಗಿನ ಫಲಕದಲ್ಲಿ ಕಾದ ನೀರು ತಾನಾಗಿ ಮೇಲೇರಿ ಟ್ಯಾಂಕು ಸೇರುತ್ತದೆ, ಟ್ಯಾಂಕಿನ ತಳದ ತಣ್ಣೀರು ಫಲಕಕ್ಕಿಳಿಯುತ್ತದೆ. ಆದ್ದರಿಂದಲೇ ಟ್ಯಾಂಕು ಫಲಕಕ್ಕಿಂತ ಮೇಲಿರಬೇಕು. ತಗ್ಗಿನಲ್ಲಿ ಕೂರಿಸಿದರೆ ರಾತ್ರಿ ಹರಿವು ಹಿಮ್ಮುಖವಾಗಿ, ಹಗಲೆಲ್ಲ ಗಳಿಸಿದ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಈ ಮಾತು ಹೇಳುವಾಗ ಮೇಡಂ ಚೊಂಬು, ಆಲಿಕೆ ಎರಡನ್ನೂ ಹಿಡಿದು ಮೂರು ಸಲ ಮಾಡಿ ತೋರಿಸಿದರು. ನೋಡುತ್ತಿದ್ದವರಿಗೆ ನಾಲ್ಕನೇ ಸಲವೂ ಬೇಕೆನ್ನಿಸಿತು.

ಅವರ ಫೈಲಿನಲ್ಲಿ ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳಿವೆ. 1767ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಸೂರ್ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲನ್ನು ಹಿಡಿದಿಟ್ಟ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಅಂಥದೇ ಪೆಟ್ಟಿಗೆಯಲ್ಲಿ ನೀರಿನ ಟ್ಯಾಂಕಿಟ್ಟು ಪೇಟೆಂಟ್ ಪಡೆದ. ಆ ಟ್ಯಾಂಕು ರಾತ್ರಿ ಆರಿಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಫಲಕವನ್ನೂ ಟ್ಯಾಂಕನ್ನೂ ಬೇರ್ಪಡಿಸಿ, ಟ್ಯಾಂಕಿಗೆ ಹೊದಿಕೆ ಸುತ್ತಿ, ‘ಹಗಲು ಮತ್ತು ರಾತ್ರಿ’ ಎಂಬರ್ಥದ ಹೆಸರಿಟ್ಟು ಮಾರಿದ. ಇಂದು ನಮ್ಮ ತಾರಸಿಗಳ ಮೇಲಿರುವುದು ಅದರದೇ ಸಂತತಿ. ಅಗ್ಗದ ಗ್ಯಾಸು ಬಂದು ಅಲ್ಲಿ ಅದು ಮೂಲೆ ಸೇರಿತು. 1980ರಲ್ಲಿ ಇಸ್ರೇಲ್ ಹೊಸ ಮನೆಗಳಿಗೆ ಕಡ್ಡಾಯ ಮಾಡಿತು. ಬೆಳಗಿನ ಹೊತ್ತು ಊರಿಗೆ ಊರೇ ಗೀಸರ್ ಒತ್ತಿ ವಿದ್ಯುತ್ ಜಾಲದ ಮೇಲೆ ಹೊರೆ ಏರುತ್ತಿದ್ದ ಕರ್ನಾಟಕವೂ 2007ರಲ್ಲಿ ನಗರಗಳಲ್ಲಿ ನಿಗದಿತ ಅಳತೆಯ ಮೇಲಿನ ಹೊಸ ಮನೆಗಳಿಗೆ ಅದೇ ಷರತ್ತು ಹಾಕಿತು. ಬೆಂಗಳೂರಿನ ಬಡಾವಣೆಗಳ ತಾರಸಿ ನೋಡಿದರೆ ಆ ಆದೇಶದ ಗುರುತು ಈಗಲೂ ಕಣ್ಣಿಗೆ ಬೀಳುತ್ತದೆ.

ಆದರೆ ತಾರಸಿ ಮೇಲಿರುವುದೆಲ್ಲ ಕೆಲಸ ಮಾಡುತ್ತಿದೆ ಎಂದಲ್ಲ. ಮೇಡಂ ಮನೆಯ ಹಳೆಯ ಹೀಟರೇ ಸಾಕ್ಷಿ. ಎರಡು ಗಾಜಿನ ಕೊಳವೆ ಒಡೆದಿದ್ದವು, ಉಳಿದವುಗಳಲ್ಲಿ ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿತ್ತು. ಆದರೂ ನಲ್ಲಿಯಲ್ಲಿ ದಿನವೂ ಬಿಸಿನೀರು ಬರುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಟ್ಯಾಂಕಿನೊಳಗಿನ ಎರಡು ಕಿಲೋವಾಟಿನ ಕಾಯಿಲ್ ಸ್ವಿಚ್ಚನ್ನು ಯಾರೋ ಒಂದು ಮಳೆಗಾಲದಲ್ಲಿ ಹಾಕಿದವರು ತೆಗೆದೇ ಇರಲಿಲ್ಲ. ರಾತ್ರಿಯಿಡೀ ಕರೆಂಟು ನೀರು ಕಾಯಿಸಿಟ್ಟರೆ ಬೆಳಿಗ್ಗೆ ಬಂದ ಸೂರ್ಯನಿಗೆ ಕೆಲಸವೇ ಉಳಿಯುವುದಿಲ್ಲ. ಹೆಸರಿಗೆ ಸೋಲಾರ್, ಬಿಲ್ಲು ಕರೆಂಟಿನದು. ಇಂಥ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಈಗ ಆ ಸ್ವಿಚ್ಚು ಊಟದ ಕೋಣೆಯಲ್ಲಿ, ಎಲ್ಲರ ಕಣ್ಣೆದುರು, ಕೆಂಪು ದೀಪದ ಸಮೇತ ಇದೆ.

ಕಾಯಿಲ್ ಹೀಗೆ ಉರಿಯುತ್ತಲೇ ಇದ್ದದ್ದು ಪತ್ತೆಯಾದದ್ದು 2024ರಲ್ಲಿ. ಆ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿತ್ತು. ಒಂದು ಕೋಟಿ ಮನೆಗಳ ಗುರಿ. ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000 ರೂಪಾಯಿ ಸಬ್ಸಿಡಿ. ಅದರಾಚೆ ಎಷ್ಟು ಹಾಕಿಸಿದರೂ 78,000ಕ್ಕೆ ನಿಲ್ಲುತ್ತದೆ. ಮನೆಗೆ ಬಂದ ಏಜೆಂಟ್ ತಿಂಗಳಿಗೆ 290 ಯೂನಿಟ್ಟಿನ ಬಿಲ್ಲು ನೋಡಿದವನೇ ಮೂರು ಕಿಲೋವಾಟಿನ ಕೊಟೇಶನ್ ಬರೆದ. ಪೂರ್ತಿ ಸಬ್ಸಿಡಿ ಬರುತ್ತದಲ್ಲ ಎಂಬುದು ಅವನ ವಾದ. ಮೇಡಂ ಒಂದು ವಾರ ಸಮಯ ಕೇಳಿದರು.

ಆ ವಾರ ಕಾಯಿಲ್ ಸ್ವಿಚ್ಚು ಆರಿಸಿ, ಅಟ್ಟದಿಂದ ತಾಮ್ರದ ಬಾಯ್ಲರ್ ಇಳಿಸಿ, ತೆಂಗಿನ ಚಿಪ್ಪು ಉರಿಸಿ ಐದು ಜನರ ಸ್ನಾನ ನಡೆಯಿತು. ದಿನಾ ಬೆಳಿಗ್ಗೆ ಏಳಕ್ಕೆ ಮೀಟರ್ ಓದಿ ಬರೆದರು. ಹಿಂದಿನ ವಾರ 68 ಯೂನಿಟ್ ಓಡಿದ್ದ ಮೀಟರ್ ಈ ವಾರ 52ಕ್ಕೆ ನಿಂತಿತ್ತು. ಹದಿನಾರು ಯೂನಿಟ್ ಬರೀ ನೀರು ಕಾಯಿಸಲು. ತಿಂಗಳಿಗೆ ಸುಮಾರು ಎಪ್ಪತ್ತು.

ಇದರಲ್ಲಿ ಅಚ್ಚರಿಯೇನೂ ಇಲ್ಲ. ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು 24 ಡಿಗ್ರಿಯಿಂದ 42ಕ್ಕೆ ಏರಿಸಲು ಯೂನಿಟ್ಟಿನ ಮೂರನೇ ಒಂದು ಪಾಲು ಬೇಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಬಕೆಟ್ಟಿಗೆ ಎರಡು ರೂಪಾಯಿ. ಮನೆಯ ಎಲ್‌ಇಡಿ ಬಲ್ಬುಗಳನ್ನು ಓಡಾಡಿ ಆರಿಸುವ ಯಜಮಾನರು ಗೀಸರಿನ ಕಡೆ ತಿರುಗಿಯೂ ನೋಡುವುದಿಲ್ಲ. ಒಂಬತ್ತು ವ್ಯಾಟಿನ ಬಲ್ಬು ಮೂವತ್ತೈದು ಗಂಟೆ ಉರಿದರೆ ಒಂದು ಬಕೆಟ್ ಬಿಸಿನೀರಿಗೆ ಸಮ.

ಇಲ್ಲಿಂದ ಮುಂದಿನ ಯೋಜನೆಯೇ ಬೇರೆಯಾಯಿತು. ನೂರು ಲೀಟರ್ ನೀರನ್ನು 24ರಿಂದ 60 ಡಿಗ್ರಿಗೆ ಕಾಯಿಸಲು ನಾಲ್ಕು ಯೂನಿಟ್ಟಿನ ಮೇಲೆ ಬೇಕು. ಕರೆಂಟು ಮಾಡುವ ಸೋಲಾರ್ ಪ್ಯಾನೆಲ್ಲಿನಿಂದ ಅದನ್ನು ಪಡೆಯಬೇಕಾದರೆ ಒಂದು ಕಿಲೋವಾಟ್ ಪೂರ್ತಿ ಅದಕ್ಕೇ ಮೀಸಲು. ಐದು ಚದರ ಮೀಟರಿಗೂ ಹೆಚ್ಚು ಫಲಕ. ನೇರವಾಗಿ ನೀರು ಕಾಯಿಸುವ ಫಲಕಕ್ಕೆ ಅದೇ ಕೆಲಸಕ್ಕೆ ಎರಡು ಚದರ ಮೀಟರ್ ಸಾಕು. ಬಿಸಿಲಿನ ಐದನೇ ಒಂದು ಪಾಲನ್ನಷ್ಟೇ ಕರೆಂಟಾಗಿಸುವ ದುಬಾರಿ ಪ್ಯಾನೆಲ್ ಹಾಕಿ, ಆ ಕರೆಂಟನ್ನು ಮತ್ತೆ ಕಾಯಿಲ್ಲಿನಲ್ಲಿ ಬಿಸಿಯಾಗಿಸುವುದು ಮೂವತ್ತು–ನಲವತ್ತರ ಸೈಟಿನ ತಾರಸಿಯಲ್ಲಿ ಜಾಗಕ್ಕೂ ನಷ್ಟ, ಕಾಸಿಗೂ ನಷ್ಟ. ಮೊದಲು ಬಿಸಿನೀರಿನ ಲೆಕ್ಕ, ಆಮೇಲೆ ಕರೆಂಟಿನ ಲೆಕ್ಕ. ಮಾರುವವರು ಇದನ್ನು ತಿರುಗುಮುರುಗು ಮಾಡುತ್ತಿದ್ದಾರೆ.

ನೂರೈವತ್ತು ಲೀಟರಿನ ಹೊಸ ಹೀಟರ್ ಬಂತು. ಈ ಬಾರಿ ತಾಮ್ರದ ಫಲಕದ್ದು. ಗಡಸು ನೀರು ಫಲಕದೊಳಗೆ ಸುಳಿಯದಂತೆ ಹೀಟ್ ಎಕ್ಸ್‌ಚೇಂಜರ್ ಇರುವಂಥದು. ಉಳಿದ ಬಳಕೆ ದಿನಕ್ಕೆ ಏಳೂವರೆ ಯೂನಿಟ್. ಅದಕ್ಕೆ ಎರಡು ಕಿಲೋವಾಟ್ ಸಾಕಾಯಿತು. 60,000 ಸಬ್ಸಿಡಿ ಬಂತು, ಮೂರನೇ ಕಿಲೋವಾಟಿಗೆ ಕೈಯಿಂದ ಹಾಕಬೇಕಿದ್ದ ಹಣ ಉಳಿಯಿತು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ಲು ಪಡೆಯುವ ಮನೆಗಳಿಗೆ ಈ ಅವಸರವಿಲ್ಲ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗಡಿಯಂಚಿನಲ್ಲಿರುವ ಮನೆಯನ್ನು ಆಚೆ ತಳ್ಳುವುದು ಎಷ್ಟೋ ಸಲ ಗೀಸರೇ.

ತಾರಸಿಗೆ ಹತ್ತಿದ್ದು ಕೊನೆಗೆ. ಪ್ಯಾನೆಲ್ಲುಗಳ ಸಾಲಿನಲ್ಲಿ ಪಕ್ಕದ ಮನೆಯ ತೆಂಗಿನ ಗರಿಯ ನೆರಳು ಒಂದರ ಅಂಚನ್ನು ಸವರುತ್ತಿತ್ತು. ಒಂದರ ಮೇಲೆ ನೆರಳು ಬಿದ್ದರೆ ಸಾಲಿನಲ್ಲಿ ಜೋಡಿಸಿದ ಉಳಿದವುಗಳ ಉತ್ಪಾದನೆಯನ್ನೂ ಅದು ತಗ್ಗಿಸಬಲ್ಲದು. ನೀರಿನ ಫಲಕಕ್ಕೆ ಅಷ್ಟು ತೊಂದರೆಯಿಲ್ಲ, ನೆರಳು ಬಿದ್ದಷ್ಟೇ ನಷ್ಟ. ನೆರಳನ್ನು ಒಂದು ದಿನ ನೋಡಿ ತೀರ್ಮಾನಿಸುವಂತೆಯೂ ಇಲ್ಲ. ಡಿಸೆಂಬರ್ 21ರ ಮಧ್ಯಾಹ್ನ ಮೈಸೂರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್‌ವರೆಗೆ ಮಧ್ಯಾಹ್ನದಲ್ಲಿ ಉತ್ತರಕ್ಕಿರುತ್ತಾನೆ. ಹೀಗಾಗಿ ಬಡಗಣ ಗೋಡೆಯ ನೀರಿನ ತೊಟ್ಟಿಯೂ ಬೇಸಿಗೆಯಲ್ಲಿ ನೆರಳು ಚೆಲ್ಲುತ್ತದೆ. ಮೇಡಂ ತಾರಸಿಯ ನೆಲದ ಮೇಲೆ ಸೀಮೆಸುಣ್ಣದಿಂದ ತಿಂಗಳಿಗೊಮ್ಮೆ ನೆರಳಿನ ಗಡಿ ಬರೆದು, ಅದರಾಚೆ ಪ್ಯಾನೆಲ್ ಕೂರಿಸಲು ಹೇಳಿದ್ದರು. ಗರಿ ಮಾತ್ರ ಆಮೇಲೆ ಬೆಳೆದದ್ದು.

ಒಂದು ವಿಷಯ ಅವರಿಗೂ ತಡವಾಗಿ ತಿಳಿಯಿತು. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಸೋಲಾರ್, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಮನೆಯ ಕರೆಂಟು ಹೊಡೆಯಬಾರದು ಎಂಬ ಕಾರಣಕ್ಕೆ ಇನ್ವರ್ಟರನ್ನು ಹಾಗೆ ಮಾಡಿರುತ್ತಾರೆ. ಇದನ್ನು ಕೊಟೇಶನ್ ಕೊಡುವಾಗಲೇ ಹೇಳುವ ಏಜೆಂಟರು ಕಡಿಮೆ. ಇನ್ನು ಬಿಸಿನೀರಿಗೆ, ತಾರಸಿಯ ಪಾಲಿಲ್ಲದ ಅಪಾರ್ಟ್‌ಮೆಂಟಿನವರಿಗೆ ಹೀಟ್ ಪಂಪ್ ಇದೆ. ಗಾಳಿಯ ಬಿಸಿಯನ್ನು ಹೀರಿ, ಗೀಸರಿನ ಸುಮಾರು ಮೂರನೇ ಒಂದು ಪಾಲು ಕರೆಂಟಿನಲ್ಲಿ ಅಷ್ಟೇ ನೀರು ಕಾಯಿಸುತ್ತದೆ.

ತಾಮ್ರದ ಬಾಯ್ಲರ್ ಮತ್ತೆ ಅಟ್ಟ ಹತ್ತಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿ, ಕೊರಳಿಗೆ ಬಳ್ಳಿ ಸುತ್ತಿ, ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಅದರಲ್ಲೇ ನೀರು ಕಾಯಿಸುತ್ತಾರೆ.

ಮನೆಗೆ ಸೋಲಾರ್ ಹಾಕಿಸುವ ಯೋಚನೆಯಲ್ಲಿರುವವರು ಏಜೆಂಟನಿಗೆ ಫೋನು ಮಾಡುವ ಮುನ್ನ ಎರಡು ಕೆಲಸ ಮಾಡಲಿ. ನಾಳೆ ಬೆಳಿಗ್ಗೆ ಬಿಸಿನೀರಿನ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ಎಷ್ಟು ಲೀಟರಿಗೆ ಬಿಸಿ ಬಂತೆಂದು ನೋಡಲಿ. ಹದಿನಾಲ್ಕು ದಿನ, ಒಂದು ವಾರ ಗೀಸರ್ ಹಾಕಿ, ಒಂದು ವಾರ ಆರಿಸಿ, ಮೀಟರ್ ಓದಿ ಬರೆಯಲಿ. ಆ ಎರಡು ಅಂಕಿ ಕೈಯಲ್ಲಿದ್ದರೆ ಕೊಟೇಶನ್ನಿನ ಕಿಲೋವಾಟ್ ಸರಿಯೋ ತಪ್ಪೋ ಅವರೇ ಹೇಳಬಲ್ಲರು.