ಸಮಾಧಿ ಶಿಲೆಗಳ ಸಾಕ್ಷ್ಯ

ನಿಮ್ಮ ತಂದೆಯ ಹೆಸರನ್ನು ಕೇಳಿದರೆ ನೀವು ಒಡನೆಯೇ ಹೇಳುತ್ತೀರಿ. ತಾತನ ಹೆಸರೂ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಮುತ್ತಾತನ ಹೆಸರನ್ನು ಕೇಳಿದರೆ ಮನೆಯ ಹಿರಿಯರ ಮುಖವನ್ನು ನೋಡಬೇಕಾಗುತ್ತದೆ. ಆ ಮುತ್ತಾತನ ತಂದೆ ಯಾರು, ತಾಯಿ ಯಾವ ಊರಿನಿಂದ ಬಂದವಳು, ಅವರು ಎಲ್ಲಿ ಬಾಳಿ ಎಲ್ಲಿ ಮಣ್ಣಾದರು ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ನಮ್ಮ ಹಾಗೆಯೇ ಉಂಡು, ಉಟ್ಟು, ನಕ್ಕು, ಅತ್ತು ಬಾಳಿದವರು ಅವರು. ಅವರ ರಕ್ತ ನಮ್ಮ ಮೈಯಲ್ಲಿ ಹರಿಯುತ್ತಿದೆ. ಅವರ ಹೆಸರು ಮಾತ್ರ ನಮಗೆ ತಿಳಿಯದು.

ಹಿರಿಯರ ನೆನಪನ್ನು ಉಳಿಸಿಕೊಳ್ಳಲು ನಮ್ಮ ಜನ ಹಲವು ಬಗೆಯ ಉಪಾಯಗಳನ್ನು ಕಂಡುಕೊಂಡಿದ್ದರು. ಶ್ರಾದ್ಧ ಮಾಡುವವರು ತಂದೆ, ತಾತ, ಮುತ್ತಾತ ಈ ಮೂರು ತಲೆಮಾರುಗಳ ಹೆಸರನ್ನು ಹೇಳಿ ಪಿಂಡವಿಡುತ್ತಾರೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತಿದ್ದ ಹೆಳವರು ಒಕ್ಕಲು ಮನೆತನಗಳ ವಂಶಾವಳಿಯನ್ನು ರಾಗವಾಗಿ ಹೇಳಿ, ಅದಕ್ಕೆ ಪ್ರತಿಯಾಗಿ ಕಾಳುಕಡ್ಡಿಗಳನ್ನು ಪಡೆಯುತ್ತಿದ್ದರು. ಆದರೆ ಬಾಯಿಂದ ಬಾಯಿಗೆ ಬಂದುದು, ಹೇಳುವ ಬಾಯಿ ನಿಂತೊಡನೆ ತಾನೂ ನಿಂತುಹೋಗುತ್ತದೆ. ಅರಸರಿಗೂ ಶ್ರೀಮಂತರಿಗೂ ತಾಮ್ರಪಟಗಳುಂಟು, ದಫ್ತರಗಳುಂಟು. ಸಾಮಾನ್ಯನ ಹೆಸರನ್ನು ಬರೆದಿಟ್ಟವರು ಯಾರು? ಅನೇಕ ವೇಳೆ ಅವನ ಹೆಸರು ಬರವಣಿಗೆಯಲ್ಲಿ ಉಳಿದಿರುವುದು ಒಂದೇ ಒಂದು ಕಡೆ. ಅದು ಅವನ ಸಮಾಧಿಯ ಮೇಲಿನ ಕಲ್ಲು.

ಸತ್ತವರಿಗಾಗಿ ಕಲ್ಲು ನಿಲ್ಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ತುರುಗಳನ್ನು ಕಾಯುತ್ತ, ಊರನ್ನು ರಕ್ಷಿಸುತ್ತ ಮಡಿದವರಿಗೆ ವೀರಗಲ್ಲುಗಳನ್ನೂ, ಸಹಗಮನ ಮಾಡಿದ ಹೆಂಗಸರಿಗೆ ಮಾಸ್ತಿಕಲ್ಲುಗಳನ್ನೂ, ವ್ರತದಿಂದ ದೇಹತ್ಯಾಗ ಮಾಡಿದ ಜೈನರಿಗೆ ನಿಷಿಧಿಗಲ್ಲುಗಳನ್ನೂ ನಮ್ಮ ಹಿರಿಯರು ನಿಲ್ಲಿಸಿದ್ದಾರೆ. ಇವು ಹೆಣವನ್ನು ಹೂಳಿದ ಜಾಗದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಆದರೆ ಇವುಗಳ ಉದ್ದೇಶ ಸಮಾಧಿ ಶಿಲೆಯ ಉದ್ದೇಶವೇ. ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ಹೊರಬಿದ್ದಿತು. ಗಂಗರ ದೊರೆ ಶ್ರೀಪುರುಷನ ಕಾಲದಲ್ಲಿ, ಎಂದರೆ ಕ್ರಿ.ಶ. ೭೫೦ರ ಸುಮಾರಿಗೆ, ಹೋರಾಡಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕವದು. ಹನ್ನೆರಡು ಶತಮಾನಗಳಿಗೂ ಮೀರಿ ಮರೆತುಹೋಗಿದ್ದ ಒಬ್ಬ ಮನುಷ್ಯನ ಹೆಸರು ಒಂದು ಹಾರೆಯ ಏಟಿಗೆ ಮರಳಿ ಬಂದಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲೊಂದು, ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ನಾಯಿಯ ನೆನಪಿಗಾಗಿ ಅದರ ಒಡೆಯ ಮಣಲೇರನು ನಿಲ್ಲಿಸಿದುದು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬರೆದುದರಿಂದ ಒಂದು ನಾಯಿಯ ಹೆಸರೂ ಸಾವಿರ ವರ್ಷ ಉಳಿಯಿತು. ಬರೆಯದೆ ಹೋದುದರಿಂದ ಲಕ್ಷಾಂತರ ಮನುಷ್ಯರ ಹೆಸರುಗಳು ಅಳಿದುವು.

ಇಂತಹ ಕಲ್ಲುಗಳನ್ನು ಓದಿ ಬರೆದಿಟ್ಟ ಮಹನೀಯರಲ್ಲಿ ಬಿ. ಎಲ್. ರೈಸ್ ಅವರು ಪ್ರಮುಖರು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಇವರು ಮೈಸೂರು ಸಂಸ್ಥಾನ ಮತ್ತು ಕೊಡಗಿನಲ್ಲಿ ಸಂಚರಿಸಿ, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದರು. ಅವರು ಕಂಡ ಕಲ್ಲುಗಳಲ್ಲಿ ಎಷ್ಟೋ ಇಂದು ಕಾಣಸಿಗವು. ಅವರು ಮಾಡಿಟ್ಟ ನಕಲು ಮಾತ್ರ ಉಳಿದಿದೆ. ೧೯೦೫ರಲ್ಲಿ ಜೂಲಿಯನ್ ಜೇಮ್ಸ್ ಕಾಟನ್ ಎಂಬವರು ಮದರಾಸು ಪ್ರಾಂತದ ಸಮಾಧಿ ಲೇಖಗಳ ಪಟ್ಟಿಯೊಂದನ್ನು ಹೊರತಂದರು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಅಂದು ಆ ಪ್ರಾಂತಕ್ಕೆ ಸೇರಿದ್ದುವು. ಆದರೆ ಆ ಪಟ್ಟಿ ಚರಿತ್ರೆಯ ಅಥವಾ ಪ್ರಾಕ್ತನಶಾಸ್ತ್ರದ ದೃಷ್ಟಿಯಿಂದ ಗಣ್ಯವೆನಿಸಿದ ಕಲ್ಲುಗಳಿಗೆ ಮೀಸಲಾದುದು. ಊರ ಬಡಗಿಯ ಕಲ್ಲು, ಶಾಲೆಯ ಉಪಾಧ್ಯಾಯನ ಕಲ್ಲು, ಹೆರಿಗೆಯಲ್ಲಿ ತೀರಿಕೊಂಡ ತರುಣಿಯ ಕಲ್ಲು ಇವುಗಳನ್ನು ಬರೆದಿಡುವ ಹೊಣೆ ಆಯಾ ಊರಿನವರದೇ ಆಗಿದೆ.

ನಮ್ಮ ಹಳ್ಳಿಗಳಲ್ಲಿ ಕ್ರೈಸ್ತರೂ ಮುಸಲ್ಮಾನರೂ ಮಾತ್ರವಲ್ಲದೆ ಲಿಂಗಾಯತರೂ ಇನ್ನೂ ಹಲವು ಸಮುದಾಯಗಳವರೂ ಸತ್ತವರನ್ನು ಹೂಳುತ್ತಾರೆ. ಎಲ್ಲ ಸಮಾಧಿಗಳ ಮೇಲೂ ಕಲ್ಲಿರುವುದಿಲ್ಲ. ಇರುವ ಕಲ್ಲುಗಳಲ್ಲಿ ಎಲ್ಲದರ ಮೇಲೂ ಬರೆಹವಿರುವುದಿಲ್ಲ. ಬರೆಹವಿದ್ದರೆ ಅದು ಹೇಳುವ ವಿಷಯ ಬಹಳ. ಸತ್ತವನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ಊರು, ವಯಸ್ಸು, ಕಸುಬು, ಸತ್ತ ದಿನ, ಕಲ್ಲು ಹಾಕಿಸಿದವರ ಹೆಸರು, ಇವೆಲ್ಲ ಅಲ್ಲಿ ದೊರೆಯಬಹುದು. ‘ಲಿಂಗೈಕ್ಯ’ ಎಂದಿದೆಯೋ, ‘ದೈವಾಧೀನ’ ಎಂದಿದೆಯೋ, ‘ಪ್ರಭುವಿನಲ್ಲಿ ನಿದ್ರಿಸಿದರು’ ಎಂದಿದೆಯೋ ನೋಡಿ, ಮನೆತನದ ನಂಬಿಕೆಯನ್ನು ತಿಳಿಯಬಹುದು. ಅಕ್ಕಪಕ್ಕದಲ್ಲಿ ಯಾರ ಕಲ್ಲುಗಳಿವೆ ಎಂಬುದರಿಂದ ಬಂಧುತ್ವದ ಸುಳಿವು ಸಿಗುತ್ತದೆ. ಒಂದೇ ವರ್ಷವನ್ನು ಹೊತ್ತ ಕಲ್ಲುಗಳು ಸಾಲಾಗಿ ಕಂಡರೆ ಆ ವರ್ಷ ಊರಿಗೆ ಏನೋ ಕೇಡು ಬಂದಿತ್ತೆಂದು ಊಹಿಸಬೇಕು. ೧೮೯೮ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟ ಪ್ಲೇಗು, ೧೯೧೮ರ ಇನ್‌ಫ್ಲುಯೆಂಜಾ ಜ್ವರ ಇವುಗಳ ಗುರುತು ಹಲವು ಮಸಣಗಳಲ್ಲಿ ಹೀಗೆಯೇ ಉಳಿದಿದೆ.

ಈ ಕಲ್ಲುಗಳನ್ನು ದಾಖಲೆ ಮಾಡುವುದಕ್ಕೆ ಒಂದು ಕ್ರಮವುಂಟು. ಮೊದಲು ಮಸಣವನ್ನು ನೋಡಿಕೊಳ್ಳುವವರ ಅಪ್ಪಣೆಯನ್ನು ಪಡೆಯಬೇಕು. ಅದು ದುಃಖವನ್ನು ಇಳಿಸಿಹೋದ ಜಾಗ. ಅಲ್ಲಿ ಗದ್ದಲ ಸಲ್ಲದು, ಸಮಾಧಿಗಳನ್ನು ತುಳಿಯುವುದು ಸಲ್ಲದು. ಪೊದೆಗಳಲ್ಲಿ ಹಾವು ಚೇಳುಗಳಿರುವುದರಿಂದ ಹಗಲಿನಲ್ಲಿ, ಹಿರಿಯರೊಡನೆ ಹೋಗತಕ್ಕದ್ದು. ಅನಂತರ ಇಡೀ ಜಾಗದ ನಕ್ಷೆಯೊಂದನ್ನು ಬರೆದು, ಸಾಲುಗಳನ್ನು ಗುರುತಿಸಿ, ಪ್ರತಿಯೊಂದು ಸಮಾಧಿಗೂ ಸಂಖ್ಯೆಯನ್ನು ಕೊಡಬೇಕು. ಸಂಖ್ಯೆಯನ್ನು ಬರೆಯಬೇಕಾದುದು ನಕ್ಷೆಯ ಮೇಲೆ, ಕಲ್ಲಿನ ಮೇಲಲ್ಲ. ಬರೆಹವಿಲ್ಲದ ಕಲ್ಲಿಗೂ, ಕಲ್ಲೇ ಇಲ್ಲದ ಮಣ್ಣಿನ ದಿಬ್ಬಕ್ಕೂ ಸಂಖ್ಯೆ ಇರಲೇಬೇಕು. ಕಲ್ಲು ಹಾಕಿಸಲು ಹಣವಿಲ್ಲದವನೂ ಯಾರದೋ ಹಿರಿಯನೇ ಅಲ್ಲವೆ?

ಕಲ್ಲನ್ನು ಶುಚಿಮಾಡಲು ಮೆತ್ತನೆಯ ಕುಂಚ ಮತ್ತು ತಿಳಿನೀರು ಸಾಕು. ತಂತಿಯ ಕುಂಚದಿಂದ ಉಜ್ಜುವುದು, ಚಾಕುವಿನಿಂದ ಕೆರೆಯುವುದು, ಆಮ್ಲ ಸುರಿಯುವುದು ಇವುಗಳಿಂದ ಪಾಚಿಯೊಡನೆ ಅಕ್ಷರವೂ ಹೋಗುತ್ತದೆ. ಅಕ್ಷರ ಎದ್ದು ಕಾಣಲೆಂದು ಬಣ್ಣವನ್ನಾಗಲಿ ಸುಣ್ಣವನ್ನಾಗಲಿ ತುಂಬಬಾರದು. ಸವೆದ ಬರೆಹವನ್ನು ಓದಲು ಬೆಳಕೇ ದೊಡ್ಡ ಸಾಧನ. ನಡುಹಗಲಿನಲ್ಲಿ ಏನೂ ಕಾಣದ ಕಲ್ಲು, ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳನ್ನು ತೋರಿಸುತ್ತದೆ; ತಗ್ಗಿನಲ್ಲಿ ನೆರಳು ತುಂಬುವುದೇ ಇದಕ್ಕೆ ಕಾರಣ. ಬಿಸಿಲು ಬೀಳದ ಮೂಲೆಯಾದರೆ ಕನ್ನಡಿಯೊಂದನ್ನು ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಬಹುದು. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ತಟ್ಟಿ, ಮಸಿ ಸವರಿ ಪಡಿಯಚ್ಚನ್ನು ತೆಗೆಯುತ್ತಾರೆ. ಪಳಗಿದ ಕೈಗಳೇ ಮಾಡಬೇಕಾದ ಕೆಲಸವದು. ಈಗ ಫೋನಿನಲ್ಲಿಯೇ ಚಿತ್ರ ತೆಗೆಯುವ ಅನುಕೂಲವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಆ ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸವನ್ನು ಕೈಗೊಂಡಿತು.

ಬರೆಹವನ್ನು ನಕಲು ಮಾಡುವಾಗ ಇರುವ ನಿಯಮ ಒಂದೇ: ಇದ್ದುದನ್ನು ಇದ್ದ ಹಾಗೆ ಬರೆಯುವುದು. ಕಲ್ಲಿನಲ್ಲಿ ಎಷ್ಟು ಸಾಲುಗಳಿವೆಯೋ ಕಾಗದದಲ್ಲಿಯೂ ಅಷ್ಟೇ ಸಾಲುಗಳಿರಬೇಕು. ಕೆತ್ತಿದವನು ಕಾಗುಣಿತವನ್ನು ತಪ್ಪಿದ್ದರೆ ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಆ ತಪ್ಪೇ ಒಂದು ಮನೆತನದವರು ತಮ್ಮ ಹೆಸರನ್ನು ಉಚ್ಚರಿಸುತ್ತಿದ್ದ ರೀತಿಯನ್ನು ತಿಳಿಸಬಹುದು. ಅಳಿಸಿಹೋದ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳನ್ನು ಇಡಬೇಕು. ಸಂದೇಹವಿದ್ದ ಅಕ್ಷರದ ಮುಂದೆ ಪ್ರಶ್ನೆಯ ಗುರುತನ್ನು ಹಾಕಬೇಕು.

ತೇದಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ಬರುತ್ತದೆಂಬುದು ಸ್ಥೂಲವಾದ ಲೆಕ್ಕ. ತಿಂಗಳನ್ನು ನೋಡದಿದ್ದರೆ ಒಂದು ವರ್ಷದ ಅಂತರ ಬೀಳಬಹುದು. ಪ್ರಭವ, ವಿಭವ ಮುಂತಾದ ಸಂವತ್ಸರದ ಹೆಸರು ಮಾತ್ರ ಇದ್ದರೆ, ಅದು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆಂಬುದನ್ನು ನೆನಪಿಡಬೇಕು. ಹಿಜರಿ ವರ್ಷ ಚಂದ್ರನ ಗತಿಯನ್ನು ಅನುಸರಿಸುವುದರಿಂದ ನಮ್ಮ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಟಿಪ್ಪು ಸುಲ್ತಾನನು ಮಡಿದ ೧೭೯೯ನೆಯ ಇಸವಿ ಮೇ ೪ನೆಯ ದಿನ ಹಿಜರಿ ೧೨೧೩ನೆಯ ವರ್ಷಕ್ಕೆ ಸೇರುತ್ತದೆ. ಹಿಜರಿ ಶಕೆ ೬೨೨ರಲ್ಲಿ ಮೊದಲಾಯಿತೆಂದು ಆ ಎರಡು ಸಂಖ್ಯೆಗಳನ್ನು ಸುಮ್ಮನೆ ಕೂಡಿಸಿದರೆ ೧೮೩೫ ಬರುತ್ತದೆ. ಮೂವತ್ತಾರು ವರ್ಷಗಳ ತಪ್ಪಾಗುತ್ತದೆ! ಆದುದರಿಂದ ಕಲ್ಲಿನಲ್ಲಿದ್ದ ತೇದಿಯನ್ನು ಮೊದಲು ಹಾಗೆಯೇ ಬರೆದು, ನಮ್ಮ ಲೆಕ್ಕವನ್ನು ಬೇರೆಯಾಗಿ ಅದರ ಕೆಳಗೆ ಬರೆಯಬೇಕು.

ಇಷ್ಟೆಲ್ಲ ಎಚ್ಚರ ಏತಕ್ಕೆಂದು ನಿಮಗೆ ತೋರಬಹುದು. ನನಗೆ ಅದನ್ನು ಕಲಿಸಿದುದು ನನ್ನದೇ ಒಂದು ತಪ್ಪು. ನಾನು ಉಪಾಧ್ಯಾಯನಾಗಿದ್ದ ಹಳ್ಳಿಯ ಹೊರಗೆ ಒಂದು ಹಳೆಯ ಕ್ರೈಸ್ತ ಸಮಾಧಿಭೂಮಿಯಿತ್ತು. ಒಂದು ಬೇಸಗೆಯ ರಜೆಯಲ್ಲಿ ಒಂಬತ್ತನೆಯ ತರಗತಿಯ ಕೆಲವು ಹುಡುಗರನ್ನು ಕಟ್ಟಿಕೊಂಡು, ಅಲ್ಲಿದ್ದ ಕಲ್ಲುಗಳನ್ನೆಲ್ಲ ನಕಲು ಮಾಡಿದೆ. ಹುಡುಗರು ಬರೆದುತಂದ ಹಾಳೆಗಳನ್ನು ನಾನು ಮನೆಯಲ್ಲಿ ಕುಳಿತು ದುಂಡಾದ ಅಕ್ಷರಗಳಲ್ಲಿ ಪ್ರತಿಮಾಡಿ, ಚರ್ಚಿನ ಗುರುಗಳಿಗೆ ಒಪ್ಪಿಸಿದೆ. ಎಲ್ಲರೂ ಮೆಚ್ಚಿಕೊಂಡರು.

ಕೆಲವು ವರ್ಷಗಳ ಮೇಲೆ ದೂರದ ಊರಿನಿಂದ ವೃದ್ಧರೊಬ್ಬರು ನನಗೆ ಕಾಗದ ಬರೆದರು. ಅವರ ತಾಯಿ ಆ ಹಳ್ಳಿಯವರು. ಚರ್ಚಿನ ಪುಸ್ತಕದಲ್ಲಿ ತಾಯಿ ಹುಟ್ಟಿದ ವರ್ಷ ೧೮೯೮ ಎಂದಿದೆ. ನನ್ನ ಪಟ್ಟಿಯಲ್ಲಿ ತಾಯಿಯ ತಂದೆ ತೀರಿಕೊಂಡ ವರ್ಷ ೧೮೯೬ ಎಂದಿದೆ. ತಂದೆ ಸತ್ತ ಎರಡು ವರ್ಷಗಳ ಮೇಲೆ ಮಗಳು ಹುಟ್ಟಿದಳೆಂದರೆ ಅದರ ಅರ್ಥವೇನು? ‘ನನ್ನ ತಾಯಿ ತನ್ನ ತಂದೆಯ ಹೆಸರನ್ನು ಹೇಳಿಕೊಂಡೇ ಬಾಳಿದಳು. ಈ ವಯಸ್ಸಿನಲ್ಲಿ ಅದು ಸುಳ್ಳೆಂದು ನಾನು ನಂಬಬೇಕೆ?’ ಎಂದು ಅವರು ಕೇಳಿದ್ದರು.

ನಾನು ಹಳೆಯ ಹಾಳೆಗಳನ್ನು ಹುಡುಕಿ ತೆಗೆದೆ. ಆ ಕಲ್ಲನ್ನು ಓದಿದ್ದ ಹುಡುಗನು ಕೊನೆಯ ಅಂಕಿಯ ಮುಂದೆ ಸಣ್ಣದೊಂದು ಪ್ರಶ್ನೆಯ ಗುರುತನ್ನು ಹಾಕಿದ್ದನು. ಪ್ರತಿ ಅಂದವಾಗಿರಲೆಂದು ನಾನೇ ಅದನ್ನು ಬಿಟ್ಟುಬಿಟ್ಟಿದ್ದೆ. ಮರುದಿನ ಹೊತ್ತು ಮೂಡುವ ವೇಳೆಗೆ ಸಮಾಧಿಭೂಮಿಗೆ ಹೋಗಿ, ಪಾಚಿಯನ್ನು ನೀರಿನಿಂದ ನೆನೆಸಿ ಒರೆಸಿ, ಓರೆಬಿಸಿಲು ಬೀಳುವವರೆಗೆ ಕಾದು ಕುಳಿತೆ. ಕನ್ನಡದ ೬ ಮತ್ತು ೯ ಅಂಕಿಗಳಿಗೆ ಭೇದವಿರುವುದು ಬಾಲದ ತಿರುವಿನಲ್ಲಿ ಮಾತ್ರ. ಬಿಸಿಲು ಬಿದ್ದಾಗ ಆ ಬಾಲ ಸ್ಪಷ್ಟವಾಗಿ ಕಂಡಿತು. ವರ್ಷ ೧೮೯೯. ಅದೇ ಸಾಲಿನ ಇನ್ನೂ ಮೂರು ಕಲ್ಲುಗಳ ಮೇಲೆ ಅದೇ ವರ್ಷವಿತ್ತು. ಅದು ಪ್ಲೇಗಿನ ಕಾಲ. ನಕ್ಷೆಯನ್ನು ಮುಂದಿಟ್ಟುಕೊಂಡು ಒಮ್ಮೆ ನೋಡಿದ್ದರೂ ನನಗೆ ಸಂಶಯ ಬರಬೇಕಾಗಿತ್ತು. ಅಂದೇ ಆ ವೃದ್ಧರಿಗೆ ಕ್ಷಮೆ ಕೇಳಿ ಕಾಗದ ಬರೆದೆ. ಪಟ್ಟಿಯನ್ನೂ ತಿದ್ದಿಸಿದೆ. ಹುಡುಗನ ಪ್ರಶ್ನೆಯ ಗುರುತಿನಲ್ಲಿದ್ದ ಸತ್ಯ ನನ್ನ ದುಂಡಾದ ಅಕ್ಷರಗಳಲ್ಲಿ ಇರಲಿಲ್ಲ.

ಕಲ್ಲೂ ತಪ್ಪು ಹೇಳಬಹುದೆಂಬುದನ್ನು ಮರೆಯಬಾರದು. ಸತ್ತ ಎಷ್ಟೋ ವರ್ಷಗಳ ಮೇಲೆ ಹಾಕಿಸಿದ ಕಲ್ಲಿನಲ್ಲಿ ವಯಸ್ಸು ಅಂದಾಜಿನದಾಗಿರುತ್ತದೆ. ಆದುದರಿಂದ ಕಲ್ಲಿನ ಮಾತನ್ನು ಬೇರೆ ಸಾಕ್ಷ್ಯಗಳೊಡನೆ ಹೋಲಿಸಬೇಕು. ಚರ್ಚಿನ ಜ್ಞಾನಸ್ನಾನದ ಪುಸ್ತಕ, ಜಮೀನಿನ ಹಳೆಯ ಕಾಗದಪತ್ರಗಳು, ಶಾಲೆಯ ದಾಖಲಾತಿ ಪುಸ್ತಕ, ಜನನ ಮರಣಗಳ ನೋಂದಣಿ, ಮನೆಯ ಹಿರಿಯರ ನೆನಪು ಇವೆಲ್ಲ ಒಂದನ್ನೊಂದು ತಿದ್ದುತ್ತವೆ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಈಗಿನ ಕಾಯಿದೆ ಬಂದುದು ೧೯೬೯ರಲ್ಲಿ. ಅದಕ್ಕೂ ಹಿಂದಿನವರ ವಿಷಯದಲ್ಲಿ ಕಲ್ಲಿನ ಬೆಲೆ ಇನ್ನೂ ಹೆಚ್ಚು.

ಆ ಕಲ್ಲುಗಳೋ ದಿನದಿನಕ್ಕೆ ಕಡಮೆಯಾಗುತ್ತಿವೆ. ಮಳೆ ಬಿಸಿಲುಗಳು ಅಕ್ಷರವನ್ನು ತಿನ್ನುತ್ತವೆ. ಆಲದ ಬೇರು ಚಪ್ಪಡಿಯನ್ನು ಸೀಳುತ್ತದೆ. ಮನುಷ್ಯನ ಕೈ ಇವೆಲ್ಲಕ್ಕಿಂತ ಬೇಗನೆ ಕೆಲಸ ಮಾಡುತ್ತದೆ. ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿಯ ಹಾಸಾಗಿ, ಮನೆಯ ಮೆಟ್ಟಿಲಾಗಿ ಹೋದ ಸ್ಮಾರಕಗಳು ಎಷ್ಟೋ! ನಾವು ನಕಲು ಮಾಡಿದ ಆ ಸಮಾಧಿಭೂಮಿಯಲ್ಲಿಯೂ ರಸ್ತೆಯನ್ನು ಅಗಲಮಾಡಿದಾಗ ಒಂದು ಸಾಲು ಪೂರ್ತಿಯಾಗಿ ಹೋಯಿತು. ೧೮೯೯ರ ಆ ನಾಲ್ಕು ಕಲ್ಲುಗಳಿದ್ದುದು ಅದೇ ಸಾಲಿನಲ್ಲಿ. ಈಗ ಅವುಗಳಿಗೆ ಉಳಿದಿರುವ ಸಾಕ್ಷಿ ಒಂದು ಹಾಳೆ ಮಾತ್ರ. ತಿದ್ದುವುದಕ್ಕೆ ಮೊದಲೇ ಕಲ್ಲು ಹೋಗಿದ್ದರೆ ಆ ತಪ್ಪೇ ಶಾಶ್ವತವಾಗಿಬಿಡುತ್ತಿತ್ತು.

ನಿಮ್ಮ ಊರಿನ ಅಂಚಿನಲ್ಲಿಯೂ ಇಂತಹ ಕಲ್ಲುಗಳು ಇರಬಹುದು. ಹಿರಿಯರ ಅಪ್ಪಣೆ ಪಡೆದು ಹೋಗಿ ನೋಡಿರಿ. ಓದಲು ಬಂದಷ್ಟನ್ನು ಬರೆದುಕೊಳ್ಳಿರಿ. ಓದಲು ಬಾರದ ಕಡೆ ಬಾರದೆಂದೇ ಬರೆಯಿರಿ. ಒಂದು ಪ್ರತಿಯನ್ನು ಶಾಲೆಯಲ್ಲಿ, ಇನ್ನೊಂದನ್ನು ಊರಿನ ಗ್ರಂಥಾಲಯದಲ್ಲಿ ಇಡಿರಿ. ಎಂದೋ ಒಂದು ದಿನ ತನ್ನವರನ್ನು ಹುಡುಕಿಕೊಂಡು ಯಾರೋ ಒಬ್ಬರು ಅಲ್ಲಿಗೆ ಬರುತ್ತಾರೆ. ಆ ಹೊತ್ತಿಗೆ ಕಲ್ಲು ಇರುತ್ತದೆಯೋ ಇಲ್ಲವೋ! ನೀವು ಬರೆದ ಹಾಳೆಯಾದರೂ ಅವರಿಗೆ ನಿಜವನ್ನು ಹೇಳಲಿ.