ನಿಮಗಿದು ಗೊತ್ತೆ?: ಪಕ್ಕದ ರಾಮದುರ್ಗ ಆಗ ಬೇರೆಯೇ ರಾಜ್ಯ!

ಸವದತ್ತಿ, ಬೈಲಹೊಂಗಲ, ಕಿತ್ತೂರು ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದಾಗ ಪಕ್ಕದ ರಾಮದುರ್ಗಕ್ಕೆ ತನ್ನದೇ ರಾಜನಿದ್ದ! ಮಲಪ್ರಭೆಯ ದಂಡೆಯ ಈ ಪುಟ್ಟ ಸಂಸ್ಥಾನ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ಬದಲಿಗೆ ಅರಸರಿಗೆ ಸಿಕ್ಕಿದ್ದು ತೆರಿಗೆಯಿಲ್ಲದ ರಾಜಧನ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ಅದೂ ನಿಂತಿತು.

ದೊಡ್ಡ ಸಂಸ್ಥಾನ ಮೈಸೂರಿನ ಲೆಕ್ಕವೇ ಬೇರೆ. 1950ರ ಏಪ್ರಿಲ್ 1ರಿಂದ ಅದರ ರೈಲ್ವೆ, ಆದಾಯ ತೆರಿಗೆ ಎರಡೂ ಕೇಂದ್ರದ ಪಾಲಾದವು. ಹೀಗೆ ಆದಾಯ ಕಳೆದುಕೊಂಡ ರಾಜ್ಯಗಳ ಖೋತಾ ತುಂಬಲು ಕೇಂದ್ರ ಹಣ ಕೊಡಬಹುದೆಂದು ಸಂವಿಧಾನದ 278ನೇ ವಿಧಿಯಲ್ಲೇ ಬರೆದಿತ್ತು. ಅವಧಿ ಹೆಚ್ಚೆಂದರೆ 10 ವರ್ಷ.

ನೇಕಾರರ ಊರು ರಾಮದುರ್ಗದ ಖಜಾನೆಗೆ ಆ ಭಾಗ್ಯವಿರಲಿಲ್ಲ. ಅದಾಗಲೇ ಅದು ಮುಂಬೈ ಖಜಾನೆಯಲ್ಲಿ ಕರಗಿತ್ತು.