ಮರ್ಲಿನ್ ಗುಹೆ ಮತ್ತು ಉಬ್ಬರದ ಲೆಕ್ಕ

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿ ಟಿಂಟಾಜೆಲ್ ಎಂಬ ಹಳ್ಳಿಯಿದೆ. ಕಡಲಂಚಿನ ಕಾಲುದಾರಿಯಲ್ಲಿ ನಡೆದು ಅಲ್ಲಿಗೆ ಬಂದರೆ, ಪಾಳುಕೋಟೆಯಿರುವ ಬಂಡೆಗುಡ್ಡದ ಬುಡದಲ್ಲಿ ಒಂದು ಗುಹೆ ಕಾಣುತ್ತದೆ. ಆರ್ಥರ್ ರಾಜನ ಕಥೆಗಳಲ್ಲಿ ಬರುವ ಮಾಂತ್ರಿಕನ ನೆನಪಿಗೆ ಅದನ್ನು ಮರ್ಲಿನ್ ಗುಹೆ ಎನ್ನುತ್ತಾರೆ. ಸುಮಾರು 100 ಮೀಟರ್ ಉದ್ದದ ಇದು ಗುಡ್ಡವನ್ನು ಕೊರೆದು ಆಚೆಯ ಬದಿಗೂ ತೆರೆದುಕೊಂಡಿದೆ. ಇಳಿತದ ಹೊತ್ತಿನಲ್ಲಿ ನೀವು ಒಳಗೆ ನಡೆದಾಡಬಹುದು. ಉಬ್ಬರದಲ್ಲಿ ಅದೇ ನೆಲ ನೀರಿನಡಿ ಇರುತ್ತದೆ.

ಇದನ್ನು ಕೊರೆದದ್ದು ಮಾಂತ್ರಿಕನಲ್ಲ, ಅಲೆಗಳು. ಇಲ್ಲಿ ಸ್ಲೇಟು ಶಿಲೆಯೂ ಜ್ವಾಲಾಮುಖಿ ಶಿಲೆಯೂ ಕೂಡುವ ದುರ್ಬಲ ಜಾಡೊಂದಿದೆ. ಅಲೆ ಬಡಿದಾಗ ಬಿರುಕಿನೊಳಗಿನ ಗಾಳಿ ಸಂಪೀಡನಗೊಳ್ಳುತ್ತದೆ, ಅಲೆ ಹಿಂದೆಗೆದಾಗ ಥಟ್ಟನೆ ಹಿಗ್ಗುತ್ತದೆ. ಸಾವಿರಾರು ವರ್ಷ ಇದೇ ನಡೆದರೆ ಬಿರುಕು ಗುಹೆಯಾಗುತ್ತದೆ.

ಒಳಗೆ ಎಷ್ಟು ಹೊತ್ತು ಇರಬಹುದು? ನೀರು ಒಂದೇ ವೇಗದಲ್ಲಿ ಏರುತ್ತದೆಂದು ಭಾವಿಸಿದರೆ ಮೋಸಹೋಗುತ್ತೀರಿ. ಲೋಲಕವನ್ನು ನೆನಪಿಸಿಕೊಳ್ಳಿ. ತುದಿಗಳಲ್ಲಿ ಅದು ನಿಧಾನ, ನಡುವೆ ವೇಗ. ಉಬ್ಬರವೂ ಹಾಗೆಯೇ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಕಾಲ ಬೇಕು. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ, ಗಂಟೆಗೊಂದರಂತೆ ಸುಮಾರು 1, 2, 3, 3, 2, 1 ಪಾಲುಗಳು ಏರುತ್ತವೆ. ನಾವಿಕರು ಬಹುಕಾಲದಿಂದ ಬಳಸುತ್ತಿರುವ ಅಂದಾಜು ಇದು.

ಏರಿಕೆ 6 ಮೀಟರ್ ಎನ್ನೋಣ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಆ ತೀರಕ್ಕೆ ಇದು ಹೆಚ್ಚೇನಲ್ಲ. ಮೊದಲ ಗಂಟೆಯಲ್ಲಿ ನೀರು ಏರುವುದು 50 ಸೆಂಟಿಮೀಟರ್ ಮಾತ್ರ. ‘ಇಷ್ಟೇ ತಾನೆ’ ಎಂದು ನೀವು ಇನ್ನೊಂದಿಷ್ಟು ಒಳಗೆ ಹೋಗುತ್ತೀರಿ. ಮುಂದಿನ ಎರಡು ಗಂಟೆಗಳಲ್ಲಿ ಎರಡೂವರೆ ಮೀಟರ್ ಏರಿರುತ್ತದೆ! ಮೂರನೆಯ ಗಂಟೆಯಲ್ಲಂತೂ ನಿಮಿಷಕ್ಕೆ ಎರಡೂವರೆ ಸೆಂಟಿಮೀಟರ್.

ಮಲ್ಪೆಯಲ್ಲೋ ಗೋಕರ್ಣದಲ್ಲೋ ಕಡಲು ನೋಡಿ ಬೆಳೆದವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮಲ್ಲಿ ಏರಿಕೆ ಒಂದೂವರೆ ಮೀಟರ್ ಇದ್ದ ದಿನ, ಅತಿ ವೇಗದ ಗಂಟೆಯಲ್ಲೂ ನೀರು 40 ಸೆಂಟಿಮೀಟರಿನಷ್ಟೂ ಏರದು. ಇಲ್ಲಿ ಪಳಗಿದ ಕಣ್ಣಳತೆ ಅಲ್ಲಿ ನಾಲ್ಕು ಪಟ್ಟು ತಪ್ಪುತ್ತದೆ. ಅಟ್ಲಾಂಟಿಕ್ ಸಾಗರದ ಉಬ್ಬರ ಬ್ರಿಸ್ಟಲ್ ಕಾಲುವೆಯೆಂಬ ಆಲಿಕೆಯಾಕಾರದ ಕೊಲ್ಲಿಗೆ ನುಗ್ಗುವ ದಿಕ್ಕಿನಲ್ಲಿ ಈ ತೀರವಿದೆ. ಕೊಲ್ಲಿಯ ಒಳತುದಿಯಲ್ಲಿ ಏರಿಕೆ 12 ಮೀಟರನ್ನೂ ಮೀರುತ್ತದೆ.

ಉಬ್ಬರದ ಪಟ್ಟಿ ನೋಡಿದರೆ ಸಾಲದೆ? ಬೇಕೇ ಬೇಕು, ಆದರೆ ಗಡಿಯಾರದ ಕಡೆ ಗಮನವಿರಲಿ. ಬ್ರಿಟನ್ನಿನಲ್ಲಿ ಬೇಸಿಗೆಯ ಸಮಯ ಗ್ರೀನಿಚ್ ಸಮಯಕ್ಕಿಂತ ಒಂದು ಗಂಟೆ ಮುಂದು. ಕೆಲವು ಪಟ್ಟಿಗಳಲ್ಲಿ ಆ ಗಂಟೆಯನ್ನು ಸೇರಿಸಿಯೇ ಇರುತ್ತಾರೆ. ನೀವು ಮತ್ತೊಮ್ಮೆ ಸೇರಿಸಿದರೆ, ಇಳಿತ ಮುಗಿದು ಒಂದು ಗಂಟೆಯಾದ ಮೇಲೆ ‘ಈಗ ಇಳಿತ’ ಎಂದುಕೊಂಡು ಗುಹೆಯೊಳಗೆ ಕಾಲಿಡುತ್ತೀರಿ. ನಿನ್ನೆಯ ಸಮಯವೂ ಇಂದಿಗೆ ಸಲ್ಲದು. ಇಳಿತ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ.

ಪಟ್ಟಿಗೆ ಹವಾಮಾನ ತಿಳಿಯದು. ವಾಯುಭಾರ ಒಂದು ಮಿಲಿಬಾರ್ ಕುಸಿದರೆ ಕಡಲ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಮೇಲೇರುತ್ತದೆ, ಗಾಳಿ ಎಬ್ಬಿಸಿದ ಅಲೆ ಬೇರೆ. ಆದ್ದರಿಂದ ನೀರು ಇನ್ನೂ ಇಳಿಯುತ್ತಿರುವಾಗಲೇ ಒಳಗೆ ಹೋಗಿ. ಪಟ್ಟಿಯಲ್ಲಿ ಇಳಿತದ ಸಮಯವೆಂದು ಬರೆದ ಹೊತ್ತಿಗೆ ಬಂದ ಬಾಯಿಯಿಂದಲೇ ಹೊರಗಿರಿ.